ಹೂಲಿ ಡಾಕ್ಟರ ಬಾಟಲಿ

ವೀಣಾ, ಪ್ರಲ್ಹಾದ, ಮೊನ್ನೆ ನೀವು ತಂದ ಕೆಮ್ಮಿನ ಔಷಧವನ್ನು ಕುಡಿಯುವ ಮೊದಲು ನಾನು ಬಾಟಲಿಯನ್ನು ಮೂಗಿಗೆ ಹಿಡಿದು ಮತ್ತೆ ಮತ್ತೆ ಮೂಸಿದೆ. "ಅಜ್ಜೀ, ಅದೇನ ಹಾಲೇನ, ಒಡದದೋ ಇಲ್ಲೋ ನೋಡ್ಲಿಕ್ಕೆ?" ಎಂದು ಪ್ರಲ್ಹಾದ ನಕ್ಕ. ನಾನೂ ನಕ್ಕೆ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗದು, ನನಗೆ ಮೊದಲಿನಿಂದಲೂ ಬಾಯಿ ಕಡಿಮೆ. ಸಂಪಗಾವಿಯ ಸಾಲಿಯಲ್ಲಿ ನಾಲ್ಕು ಇಯತ್ತೆ ಕಲಿತದ್ದರಿಂದ ಬರೆಯಲು ಬರುತ್ತದೆ. ಅದಕ್ಕೆ ಬರೆದಿಡುತ್ತೇನೆ.

ನಾವಿನ್ನೂ ಮುಂಬೈ ಸರಕಾರದ ಕೆಳಗಿದ್ದ ಕಾಲ ಅದು. ಬೈಲಹೊಂಗಲದಲ್ಲಿ ಪ್ಯಾಟಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮನೆಯಲ್ಲಿ ನಿಮ್ಮ ಅಜ್ಜ, ಅವರ ತಾಯಿ ಅಂದರೆ ನನ್ನ ಅತ್ತೆ, ನಾನು, ಇನ್ನೂ ಹಲ್ಲು ಮೂಡದ ನಿಮ್ಮಪ್ಪ. ಮಾವನವರು ಪುರಾಣ ಹೇಳುತ್ತಿದ್ದವರು, ನಾನು ಆ ಮನೆ ಸೇರುವ ಮೊದಲೇ ತೀರಿದ್ದರು. ನಿಮ್ಮ ಅಜ್ಜ ಹಗಲು ಹತ್ತಿ ದಲಾಲಿಯ ಅಡತಿ ಅಂಗಡಿಯಲ್ಲಿ ಗುಮಾಸ್ತರು. ಶ್ರಾವಣ ಬಂತೆಂದರೆ ಸಂಜೆ ಗುಡಿಯಲ್ಲಿ ತಂದೆಯ ಮಣೆಯ ಮೇಲೆ ಕೂತು ಪುರಾಣ ಓದುವವರು.

ಅವರು ಅಫೂ ತಿನ್ನುತ್ತಿದ್ದರು.

ನಿಮಗೆ ಅಫೂ, ಅಂದರೆ ಅಫೀಮು, ಸಿನೆಮಾದಲ್ಲಿ ಕೇಳಿದ ಮಾತು. ಆಗ ಹಾಗಿರಲಿಲ್ಲ. ಹೊಟ್ಟೆನೋವಿಗೆ, ಕೀಲುನೋವಿಗೆ, ಮುದುಕರ ಕೆಮ್ಮಿಗೆ ಸಾಸಿವೆಯಷ್ಟು ಬಾಯಿಗೆ ಹಾಕಿಕೊಂಡರೆ ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ಇವರೂ ಹೊಟ್ಟೆನೋವಿಗೆಂದೇ ಶುರು ಮಾಡಿದ್ದು. ಸಾಸಿವೆ ಕಡಲೆಯಾಯಿತು. ಅಷ್ಟರಲ್ಲಿ ದಾರೂಬಂದಿ ಕಾಯದೆ ಬಂತು, ಅಫೂ ಅಂಗಡಿಗಳಿಗೂ ಬಿಗಿ ಬಂತು. ಆಮೇಲೆ ಇವರು ಯರಗಟ್ಟಿ ಸಂತೆಗೆ ಕಾರಣವಿಲ್ಲದೆ ಹೋಗತೊಡಗಿದರು. ಸಿಕ್ಕ ದಿನ ಪುರಾಣ ಕೇಳಿದವರು ಕಣ್ಣೊರೆಸಿಕೊಳ್ಳುವ ಹಾಗೆ ಓದುತ್ತಿದ್ದರು. ಸಿಗದ ದಿನ ಮೂಗು ಸೋರುವುದು, ಮೈಮೇಲೆ ಮುಳ್ಳು, ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗುವುದು. ಊಟ ಬಿಟ್ಟು ಬಿಟ್ಟು ಅಂಗಿಯೊಳಗೆ ಎಲುಬು ಮಾತ್ರ ಉಳಿದಿತ್ತು. ಹೀಗೇ ಹೋದರೆ ಬರುವ ಶ್ರಾವಣಕ್ಕೆ ಇವರು ಇರುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಮನೆಯಲ್ಲಿ ಯಾರೂ ಆ ಶಬ್ದ ಎತ್ತುತ್ತಿರಲಿಲ್ಲ. ಆದರೆ ಎಲ್ಲರೂ ಎಲ್ಲರನ್ನೂ ನೋಡುತ್ತಿದ್ದೆವು. ಇವರು ಹಿತ್ತಲಿಗೆ ಹೋದರೆ ಅತ್ತೆ ಕಿಟಕಿಗೆ ಬರುತ್ತಿದ್ದರು. ನಾನು ಇವರ ಕೋಟು ಒಗೆಯಲು ತೆಗೆದರೆ ಅತ್ತೆ, "ಕಿಸೆದಾಗ ಏನಿತ್ತು?" ಎಂದು ಕೇಳುತ್ತಿದ್ದರು. ಏನೂ ಇಲ್ಲ ಅಂದರೆ, "ಇದ್ರೂ ನೀ ಹೇಳಾಕಿ ಅಲ್ಲ. ಗಂಡನ ಮಾರಿ ನೋಡಿ ಕರಗತೀ" ಅನ್ನುತ್ತಿದ್ದರು.

ಆಷಾಢ ಮುಗಿಯುವ ಹೊತ್ತಿಗೆ ಇವರು ಅಂಗಡಿಯಲ್ಲೇ ಬವಳಿ ಬಂದು ಬಿದ್ದರು. ಅಂದು ಅತ್ತೆ ಹೂಲಿ ಡಾಕ್ಟರಿಗೆ ಹೇಳಿ ಕಳಿಸಿದರು.

ಹೂಲಿ ಡಾಕ್ಟರು ನಮ್ಮ ಮನೆಯ ಡಾಕ್ಟರು. ಮಾವನವರ ಕೊನೆಯ ಬ್ಯಾನಿ ನೋಡಿದವರು, ನಿಮ್ಮಪ್ಪ ಹುಟ್ಟುವಾಗ ಅಂಗಳದಲ್ಲಿ ಛತ್ರಿ ಹಿಡಿದು ನಿಂತವರು. ಸುಗ್ಗಿಯಲ್ಲಿ ಅವರ ಮನೆಗೆ ನಮ್ಮ ಹೊಲದ ಜೋಳ ಹೋಗುತ್ತಿತ್ತು. ದಪ್ಪ ಮೈ, ಕಿವಿಯಲ್ಲಿ ಕೂದಲು. ಬಂದವರು ತೂಗುಮಂಚದ ಮೇಲೆ ಕೂತು ಇವರ ಕಣ್ಣ ರೆಪ್ಪೆ ಎತ್ತಿ ನೋಡಿದರು.

"ಗೋಪಾಲರಾವ, ಎಷ್ಟು ವರ್ಷ ಆತು?"

ಇವರು ತಲೆ ತಗ್ಗಿಸಿದರು. ಅತ್ತೆ ಕಂಬದ ಹತ್ತಿರ ನಿಂತಿದ್ದರು. "ಏನು ಎಷ್ಟು ವರ್ಷ?" ಅಂದರು.

"ಹೊಟ್ಟಿಬ್ಯಾನಿ, ಕಾಕೂ" ಅಂದರು ಡಾಕ್ಟರು.

ದವಾಖಾನೆಗೆ ಹಾಕಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಪುರಾಣದ ಮಣೆ ಹೋಗುತ್ತದೆ, ಪೋಲೀಸರೂ ಬಂದಾರು. ಮನೆಯಲ್ಲೇ ಮಾಡೋಣ ಎಂದು ಅವರೇ ಹೇಳಿದರು. ತಮ್ಮ ಕೈಯಿಂದಲೇ ಔಷಧ ಕಲಸಿಕೊಡುವುದು, ಬೆಳಿಗ್ಗೆ ಮತ್ತು ಸಂಜೆ ಅತ್ತೆ ಅದನ್ನು ಕುಡಿಸುವುದು, ಅದರ ಹೊರತು ಬೇರೆ ಔಷಧ ಬಾಯಿಗೆ ಹೋಗಕೂಡದು. ವಾರಕ್ಕೊಮ್ಮೆ ಬಂದು ನೋಡುತ್ತೇನೆ ಅಂದರು.

ಆಗಿನ ರೀತಿ ನಿಮಗೆ ನಗು ಬರಿಸೀತು. ಸೊಸೆಯಾದವಳು ಪರಗಂಡಸಿನ ಎದುರು, ಅವನು ಡಾಕ್ಟರೇ ಆಗಿರಲಿ, ನೇರವಾಗಿ ಮಾತಾಡುವಂತಿರಲಿಲ್ಲ. ನಾನು ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಲ್ಲಬೇಕು. ಡಾಕ್ಟರು ಅತ್ತೆಗೆ ಕೇಳಬೇಕು, ಅತ್ತೆ ನನಗೆ ಕೇಳಬೇಕು, ನಾನು ಅತ್ತೆಗೆ ಹೇಳಬೇಕು, ಅತ್ತೆ ಡಾಕ್ಟರಿಗೆ ಹೇಳಬೇಕು. ನಡುವೆ ಇದ್ದದ್ದು ಒಂದು ಬಾಗಿಲು, ಅದೂ ತೆರೆದದ್ದು.

"ನಿದ್ದಿ ಹೆಂಗೈತಿ ಕೇಳ್ರಿ ಕಾಕೂ."

"ನಿದ್ದಿ ಹೆಂಗದ ಅಂತ ಕೇಳ್ತಾರ."

"ಎದ್ದು ಎದ್ದು ಕೂಡ್ತಾರ್ರಿ" ಎಂದು ನಾನು ಸೆರಗಿನೊಳಗೇ ಅಂದೆ.

"ಛೊಲೊ ನಿದ್ದಿ ಮಾಡ್ತಾನಂತ" ಎಂದು ಅತ್ತೆ ಡಾಕ್ಟರಿಗೆ ಹೇಳಿದರು.

"ಕಾಕೂ, ಅಕಿ ಹೇಳಿದ್ದು ಅರ್ಧಾ ನನಗೂ ಕೇಳ್ತೈತಿ."

"ಕೇಳಿದ್ರ ಏನಾತು? ಹೇಳೋ ರೀತೀಲೆ ನಾ ಹೇಳಬೇಕಲ್ಲ."

ಮಗನ ಬಗ್ಗೆ ಕೆಟ್ಟದ್ದೊಂದೂ ಅತ್ತೆಯ ಬಾಯಿಂದ ಹೊರಗೆ ಬರುತ್ತಿರಲಿಲ್ಲ. ನಾನು ಬಾಗಿಲ ಹಿಂದೆ ನಿಂತು, ನನ್ನ ಮಾತು ಬೇರೆ ವೇಷ ಹಾಕಿಕೊಂಡು ಆಚೆ ಹೋಗುವುದನ್ನು ಕೇಳುತ್ತಿದ್ದೆ.

ಬಾಟಲಿಯ ಮೇಲೆ ಮೊದಲ ಸಂಶಯ ಬಂದದ್ದು ಅದನ್ನು ತೊಳೆಯುವಾಗ. ಆಗ ಔಷಧದ ಬಾಟಲಿಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರು, ಒಂದು ಹಲ್ಲಿಗೆ ಒಂದು ಸಲದ ಔಷಧ. ಖಾಲಿ ಬಾಟಲಿಗೆ ಬಿಸಿನೀರು ಹಾಕಿ ಅಲುಗಾಡಿಸಿದಾಗ ಉಗಿಯಲ್ಲಿ ಒಂದು ವಾಸನೆ ಎದ್ದಿತು. ನೆಲಬೇವಿನ ಕಹಿ ಇತ್ತು, ಅದರ ಕೆಳಗೆ ಇನ್ನೊಂದಿತ್ತು. ಇವರ ತಲೆದಿಂಬಿನ ಕೆಳಗೆ ಸಿಗುತ್ತಿದ್ದ ತಗಡಿನ ಡಬ್ಬಿಯ ವಾಸನೆ. ಹಸಿ ಮಣ್ಣು, ಹಳೆ ಬೆಲ್ಲ ಕೂಡಿದಂಥದು.

ಬಾಟಲಿಯನ್ನು ಇನ್ನೊಮ್ಮೆ ಮೂಸಿದೆ. ಬಿಡಿಸುತ್ತೇನೆ ಎಂದು ಬಂದವನೇ ಅಫೂ ಕುಡಿಸುತ್ತಿದ್ದಾನೆಯೆ? ಬ್ಯಾನಿ ಇದ್ದರಲ್ಲವೆ ಡಾಕ್ಟರಿಗೆ ಬರುವ ದಾರಿ, ಸುಗ್ಗಿಯ ಜೋಳ? ಅಂದಿನಿಂದ ಅವರು ಇವರ ಬೆನ್ನು ತಟ್ಟಿದರೂ ನನಗೆ ಅದರಲ್ಲಿ ಕಪಟ ಕಾಣುತ್ತಿತ್ತು. ಅತ್ತೆಗೆ ಹೇಳೋಣವೆಂದರೆ, ಅವರು ನನ್ನನ್ನೇ ನಂಬುತ್ತಿರಲಿಲ್ಲ.

ಅದಕ್ಕೂ ಸಾಕ್ಷಿ ಸಿಕ್ಕಿತು. ಊಟವಾದ ಮೇಲೆ ಗಂಡನಿಗೆ ಎಲೆಅಡಿಕೆ ಮಡಿಚಿಕೊಡುವುದು ನನ್ನ ಕೆಲಸ. ಅತ್ತೆ ಕೆಂಪು ಸೀರೆಯ ಮಡಿ ಹೆಂಗಸು, ಮಾವನವರು ಹೋದಂದಿನಿಂದ ಎಲೆಯ ತಾಟನ್ನು ಮುಟ್ಟಿದವರಲ್ಲ. ವಿಧವೆ ಅದನ್ನು ಮುಟ್ಟಬಾರದೆಂದು ಬೇರೆಯವರಿಗೂ ಹೇಳುತ್ತಿದ್ದವರು. ಔಷಧ ಶುರುವಾದ ಕೆಲವು ದಿನಕ್ಕೆ ಒಮ್ಮೆ ನನ್ನ ಕೈಯಿಂದ ತಾಟು ಎಳೆದುಕೊಂಡು, "ನೀ ಕೂಸಿನ್ನ ನೋಡು, ನಾ ಕೊಡ್ತೀನಿ" ಅಂದರು. ಗೋಡೆಗೆ ಮುಖ ಮಾಡಿ ಕೂತು ಮಡಿಚಿದರು. ಮರುದಿನವೂ ಅವರೇ. ತಮ್ಮ ಇಷ್ಟು ವರ್ಷದ ನೇಮ ಮುರಿಯುವಷ್ಟು ಅತ್ತೆಗೆ ನನ್ನ ಮೇಲೆ ಅಪನಂಬಿಕೆ ಎಂದು ನಾನು ತಿಳಿದೆ. ಎಲೆಯಲ್ಲಿ ನಾನೇ ಅಫೂ ಇಟ್ಟುಕೊಡುತ್ತೇನೆ ಎಂದು ಅವರ ತಲೆಯಲ್ಲಿ ಇರಬೇಕು. ಒಲೆಯ ಮುಂದೆ ಕೂತು ಹೊಗೆಯ ನೆವದಲ್ಲಿ ಅತ್ತುಬಿಟ್ಟೆ.

ಜಿಟಿಜಿಟಿ ಮಳೆ ಬಿಡದೆ ಹಿಡಿದಿತ್ತು. ಎರಿಮಣ್ಣು ಚಪ್ಪಲಿಗೆ ಹತ್ತಿ ಮನೆಯೊಳಗೆಲ್ಲ ಬರುತ್ತಿತ್ತು. ಒಣಗದ ಬಟ್ಟೆಗಳ ವಾಸನೆಯಲ್ಲಿ ನಾನು ಇವರ ಕಣ್ಣು ನೋಡುತ್ತ ದಿನ ಕಳೆದೆ. ಅಫೂ ತಿಂದಾಗ ಕಣ್ಣ ನಡುವಿನ ಕರಿಚುಕ್ಕೆ ಎಳ್ಳಿನಷ್ಟಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ, ನೋಡಿ ನೋಡಿ ಗೊತ್ತಾಗಿತ್ತು. ವಾರಗಳು ಹೋದ ಹಾಗೆ ಬೆಳಗಿನ ಹೊತ್ತು, ಬಾಟಲಿಯ ಔಷಧ ಕುಡಿದ ಮೇಲೂ, ಚುಕ್ಕೆ ದೊಡ್ಡದೇ ಇರುತ್ತಿತ್ತು. ಡಾಕ್ಟರು ಬರುತ್ತಿದ್ದದ್ದು ಬೆಳಿಗ್ಗೆ. ಅವರು ರೆಪ್ಪೆ ಎತ್ತಿ ನೋಡಿ, "ಭೇಷ್" ಅಂದು ಹೋಗುತ್ತಿದ್ದರು. ಮಧ್ಯಾಹ್ನ ಊಟವಾಗಿ ಒಂದು ತಾಸಿಗೆ ಅದೇ ಕಣ್ಣು ಎಳ್ಳು.

ಹಾಗಾದರೆ ಬಾಟಲಿಯಲ್ಲ. ಹಾಗಾದರೆ ಯಾರು? ಇವರೇ ಎಲ್ಲಿಯೋ ಇಟ್ಟುಕೊಂಡಿದ್ದಾರೆ ಎಂದು ಕೋಟು, ಟೊಪ್ಪಿಗೆ, ಪುರಾಣದ ಪುಸ್ತಕ ಸುತ್ತುವ ವಸ್ತ್ರ, ಎಲ್ಲ ಜಾಡಿಸಿದೆ. ಏನೂ ಇಲ್ಲ. ನಾನು ಜಾಡಿಸುವುದನ್ನು ಒಮ್ಮೆ ಇವರು ಬಾಗಿಲಲ್ಲಿ ನಿಂತು ನೋಡಿದರು. "ಸಿಕ್ರ ನನಗೂ ಈಟ ಕೊಡು" ಎಂದು ಹೊರಗೆ ಹೋದರು. ಅದು ಚೇಷ್ಟೆಯೋ ಬೇಡಿಕೆಯೋ ತಿಳಿಯಲಿಲ್ಲ.

ಶ್ರಾವಣ ಮುಗಿಯುತ್ತ ಬಂದಾಗ ಡಾಕ್ಟರು, ಬಾಟಲಿ ಇನ್ನು ನಿಲ್ಲಿಸುತ್ತೇನೆ ಅಂದರು. ನಿಲ್ಲಿಸಿ ಎರಡು ದಿನಕ್ಕೆ ಇವರಿಗೆ ರಾತ್ರಿಯ ನಿದ್ದೆ ಪೂರ್ತಿ ಹೋಯಿತು, ಕಾಲು ಒದ್ದುಕೊಳ್ಳತೊಡಗಿದರು. ಮೂರನೆಯ ದಿನ ಮಧ್ಯಾಹ್ನ ಬಂದು ನಿದ್ದೆಯ ಸೂಜಿ ಹಾಕುವುದಾಗಿ ಡಾಕ್ಟರು ಹೇಳಿ ಕಳಿಸಿದರು.

ಅಂದು ಬೆಳಿಗ್ಗೆ ನಿಮ್ಮಪ್ಪ ಹಲ್ಲಿನ ತುರಿಕೆಗೆ ಬಹಳ ಅಳುತ್ತಿದ್ದ. ಅತ್ತೆ ಮಡಿಯಲ್ಲಿ ಅಡಿಗೆಗೆ ಕೂತಿದ್ದರು. "ಗ್ವಾಡಿ ಮಾಡದಾಗ ಬಾಳಗೋಳಿ ಡಬ್ಬಿ ಅದ. ಒಂದು ಗೋಳಿ ಹಾಲಿನಾಗ ತೇದು ನೆಕ್ಕಸು" ಅಂದರು. ಬಾಳಗೋಳಿ ಅಂದರೆ ಕೂಸುಗಳಿಗೆ ಕೊಡುವ ಸಣ್ಣ ಗುಳಿಗೆ. ಹೊಲಕ್ಕೆ ಹೋಗುವ ತಾಯಂದಿರು ಅದನ್ನು ನೆಕ್ಕಿಸಿ ತೊಟ್ಟಿಲಲ್ಲಿ ಹಾಕಿ ಹೋದರೆ ಅವರು ಬರುವವರೆಗೆ ಕೂಸು ಮಿಸುಕುತ್ತಿರಲಿಲ್ಲ. ಮನೆಮನೆಯಲ್ಲಿ ಇತ್ತು, ಜಾಜಿಕಾಯಿ ಕೇಸರಿಯ ಔಷಧ ಎಂದೇ ಎಲ್ಲರೂ ತಿಳಿದದ್ದು. ಆ ಡಬ್ಬಿಯನ್ನು ಅತ್ತೆ ನನಗೆ ಎಂದೂ ಮುಟ್ಟಗೊಟ್ಟಿರಲಿಲ್ಲ. ಆಷಾಢದಲ್ಲಿ ತುಂಬಿಸಿ ತಂದದ್ದು ನನಗೆ ಗೊತ್ತಿತ್ತು. ಈಗ ಮುಚ್ಚಳ ತೆಗೆದರೆ ತಳದಲ್ಲಿ ಬೆರಳೆಣಿಕೆಯವು ಉರುಳುತ್ತಿದ್ದವು. ಕೂಸಿಗೆ ಕೊಟ್ಟದ್ದು ಅಪರೂಪ. ಉಳಿದವು ಎಲ್ಲಿ ಹೋದವು?

ಬಿಸಿ ಹಾಲಿನ ಎರಡು ಹನಿ ಹಾಕಿ ಸಾಣೆಕಲ್ಲಿನ ಮೇಲೆ ಗೋಳಿ ತೇದೆ. ಜಾಜಿಕಾಯಿಯ ವಾಸನೆ ಎದ್ದಿತು, ಅದರ ಕೆಳಗೆ ಹಸಿ ಮಣ್ಣು, ಹಳೆ ಬೆಲ್ಲ.

ನಾನು ಕಲ್ಲು ತೊಳೆದುಬಿಟ್ಟೆ. ಕೂಸಿಗೆ ಬೆರಳು ಚೀಪಲು ಕೊಟ್ಟು ಹೆಗಲ ಮೇಲೆ ಹಾಕಿಕೊಂಡು ಅಡ್ಡಾಡಿದೆ. ಊಟವಾಯಿತು. ಅತ್ತೆ ತಾಟು ತೆಗೆದುಕೊಂಡು ಗೋಡೆಯ ಕಡೆ ತಿರುಗಿದರು. ಕಾಚು ಹೆಚ್ಚು ಹಾಕಿದರು, ಎಲೆಯೂ ಎರಡು. ಇವರು ಅಗಿದು ಮಂಚದ ಮೇಲೆ ಒರಗಿದವರು, ಎರಡು ದಿನ ಇಲ್ಲದ ನಿದ್ದೆ ಒಮ್ಮೆಲೇ ಬಂದವರ ಹಾಗೆ ತೂಕಡಿಸಿದರು.

ಡಾಕ್ಟರು ಛತ್ರಿ ಮಡಚುತ್ತ ಬಂದರು. ಸೂಜಿಯನ್ನು ಸ್ಟೀಲಿನ ಪೆಟ್ಟಿಗೆಯಲ್ಲಿ ಹಾಕಿ ಕುದಿಸಲು ಒಳಗೆ ಕಳಿಸಿದರು. ನಾನು ಇದ್ದಲಿ ಒಲೆಯ ಮೇಲೆ ಇಟ್ಟೆ. ಹೊರಗಿನ ಮಾತು ಕೇಳುತ್ತಿತ್ತು.

"ಕಾಕೂ, ಒಂದು ಮಾತು ಖಾತ್ರಿ ಆಗಬೇಕು. ಈ ಸೂಜಿ ಕೊಡಬೇಕಂದ್ರ ಮೈಯಾಗ ಅಫೂ ಇರಬಾರದು. ಇದ್ರ ಮಲಗಿದಂವ ಉಸಿರು ಮರೀತಾನ. ಬಾಟಲಿ ಬಿಟ್ಟ ಮ್ಯಾಲ ಏನರ ತಿಂದಾರೇನ?"

ಅಂದು ಮೊದಲ ಸಲ ನಾನು ಆ ಶಬ್ದವನ್ನು ನಮ್ಮ ಪಡಸಾಲೆಯಲ್ಲಿ ಗಟ್ಟಿಯಾಗಿ ಕೇಳಿದೆ.

"ಇಲ್ಲ. ದೇವರ ಮ್ಯಾಲ ಆಣಿ, ಅಫೂ ಮುಟ್ಟಿಲ್ಲ" ಅಂದರು ಅತ್ತೆ.

"ತಂಗಿಗೊಮ್ಮೆ ಕೇಳ್ರಿ."

"ಅಕಿಗೇನ ಗೊತ್ತು."

ನೀರು ಕುದಿಯುತ್ತಿತ್ತು. ಸೂಜಿ ಪೆಟ್ಟಿಗೆಯೊಳಗೆ ಟಿಣ್ ಟಿಣ್ ಎಂದು ಬಡಿಯುತ್ತಿತ್ತು. ನಾನು ಅದನ್ನು ಇಳಿಸಲಿಲ್ಲ. ಬಾಗಿಲಿಗೆ ಬಂದೆ, ಬಾಗಿಲು ದಾಟಿದೆ. ಸೆರಗು ಹಣೆಯ ತನಕ ಎಳೆದುಕೊಂಡಿದ್ದರಿಂದ ನನಗೆ ಡಾಕ್ಟರ ಕಾಲು ಮಾತ್ರ ಕಾಣುತ್ತಿತ್ತು, ಕಾಲಿಗೆ ಮೆತ್ತಿದ ಎರಿಮಣ್ಣು.

"ಸೂಜಿ ಹಾಕಬ್ಯಾಡ್ರಿ" ಅಂದೆ. "ಅವರ ಕಣ್ಣು ನೋಡ್ರಿ ಈಗ. ಮುಂಜಾನಿ ಹಂಗಿಲ್ಲ."

"ಅಂಬೂ, ಒಳಗ ನಡಿ" ಅಂದರು ಅತ್ತೆ.

ನಾನು ಹೋಗಲಿಲ್ಲ. ಡಾಕ್ಟರು ಎದ್ದು ಇವರ ರೆಪ್ಪೆ ಎತ್ತಿದರು. ಬಹಳ ಹೊತ್ತು ಹಾಗೇ ಹಿಡಿದಿದ್ದರು. ಆಮೇಲೆ ಅತ್ತೆಯನ್ನು ನೋಡದೆ, ನಡುವೆ ಯಾರನ್ನೂ ಇಡದೆ, ನನಗೇ ಕೇಳಿದರು: "ಏನ ಕೊಟ್ಟೀರಿ ತಂಗೆವ್ವಾ?"

ನಾನು ಡಬ್ಬಿ ತಂದು ಅವರ ಮುಂದೆ ಇಟ್ಟೆ. ಎಲೆಯ ಮಾತನ್ನು ನಾನು ಆಡಬೇಕಾಗಲಿಲ್ಲ. ಡಬ್ಬಿ ನೋಡಿ ಅತ್ತೆಯೇ, "ಅದು ಅಫೂ ಅಲ್ಲ" ಎಂದು ಶುರು ಮಾಡಿದರು. "ಬಾಳಗೋಳಿ ಅದು. ಹೊಟ್ಟಿ ಹಿಡಕೊಂಡು ಒದ್ದಾಡತಿದ್ದ. ಹಾಲಗೂಸಿಗೆ ಕೊಡೂದು ಅಂವಗ ಏನ ಮಾಡ್ತದ ಅಂತ ಎಲ್ಯಾಗ ಇಟ್ಟ ಕೊಟ್ಟೆ. ನೀವು ಬ್ಯಾರೆ ಔಷಧ ಬ್ಯಾಡ ಅಂದ್ರಿ, ಅದಕ್ಕ ಹೇಳಲಿಲ್ಲ. ಅಂವಗೂ ಹೇಳಿಲ್ಲ."

ಡಾಕ್ಟರು ಒಂದು ಗೋಳಿ ಒಡೆದು ನಾಲಗೆಗೆ ಹಚ್ಚಿ ಉಗುಳಿದರು. "ಕಾಕೂ, ಇದರಾಗ ಅಫೂನೇ ಐತಿ. ಅದಕ್ಕ ಕೂಸು ಮಲಗತಾವು."

ಅತ್ತೆ ಸುಳ್ಳು ಹೇಳಿರಲಿಲ್ಲ. ಆಣೆ ಇಟ್ಟಾಗ ಅವರು ನಿಜವನ್ನೇ ಹೇಳಿದ್ದರು, ತಮಗೆ ಗೊತ್ತಿದ್ದ ನಿಜ. ಗೋಡೆಗೆ ತಿರುಗಿದ ಅವರ ಬೆನ್ನಲ್ಲಿ ನಾನು ಇಷ್ಟು ದಿನ ಓದಿದ ಅಪನಂಬಿಕೆ ಅಲ್ಲಿರಲೇ ಇಲ್ಲ. ಅವರು ಕಂಬ ಹಿಡಿದುಕೊಂಡು ಕೆಳಗೆ ಕೂತರು. ಮೆಲ್ಲಗೆ, "ಹಂಗಾದ್ರ ನಮ್ಮ ಸೋನಿ?" ಅಂದರು.

ಸೋನಿ ಅಂದರೆ ನಿಮ್ಮ ಅಜ್ಜನ ಬೆನ್ನಿಗೆ ಹುಟ್ಟಿದ ಹೆಣ್ಣುಕೂಸು. ಒಂದು ಸುಗ್ಗಿಯಲ್ಲಿ ಬಾಳಗೋಳಿ ನೆಕ್ಕಿಸಿ ತೊಟ್ಟಿಲಲ್ಲಿ ಹಾಕಿದ್ದು ಮತ್ತೆ ಏಳಲಿಲ್ಲ ಎಂದು ಓಣಿಯ ಹೆಂಗಸರು ನನಗೆ ಹೇಳಿದ್ದರು. ಮನೆಯಲ್ಲಿ ಅದಕ್ಕೆ ದೃಷ್ಟಿ ತಾಕಿತು ಎಂದೇ ಹೆಸರು.

ಡಾಕ್ಟರು ಡಬ್ಬಿಯ ಮುಚ್ಚಳ ಹಾಕಿದರು. "ಅದು ಬ್ಯಾರೆ ಬ್ಯಾನಿ ಇದ್ದೀತು, ಕಾಕೂ. ಆಗಿನ ಕಾಲದಾಗ ಕೂಸುಗಳಿಗೆ ಏನೇನರ ಬರತಿತ್ತು."

ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನಿಸಿತು. ಅತ್ತೆಗೂ ಅನಿಸಿತು. ಅವರು ಮತ್ತೆ ಕೇಳಲಿಲ್ಲ.

ಹೋಗುವಾಗ ಡಾಕ್ಟರು ಬಾಗಿಲ ಹತ್ತಿರ ನಿಂತರು. ನಾನು ಹೇಗೂ ಒಮ್ಮೆ ಬಾಯಿ ಬಿಟ್ಟಿದ್ದೆ. "ನಿಮ್ಮ ಬಾಟಲ್ಯಾಗೂ ಇತ್ರಿ" ಅಂದೆ.

"ಇತ್ತು. ಒಮ್ಮಿಗೇ ಬಿಡಿಸಿದ್ರ ತಡಕೊಳ್ಳೂ ಮೈ ಅಲ್ಲ ಅದು. ವಾರ ವಾರ ಅಫೂ ಕಡಿಮಿ ಮಾಡಿ ಕಹಿ ಹೆಚ್ಚು ಮಾಡಾಕತ್ತಿದ್ದೆ. ಹೇಳಿದ್ರ ಅಂವ ಎಷ್ಟು ಕಡಿಮಿ ಆತು ಅಂತ ಬಾಟಲಿ ನೋಡಿ ಅಳತಿ ಮಾಡ್ತಿದ್ದ, ಅದಕ್ಕ ಯಾರಿಗೂ ಹೇಳಲಿಲ್ಲ." ಆಮೇಲೆ ನಕ್ಕರು. "ನನ್ನ ಮ್ಯಾಲೂ ನಿನ್ನ ಕಣ್ಣಿತ್ತೇನ? ಇರಲಿ. ಇನ್ನ ಮುಂದ ಔಷಧ ನೀನೇ ಕುಡಸು. ನಿನ್ನ ಮಾತು ನೀನೇ ಹೇಳು."

ಮತ್ತೆ ಮೊದಲಿನಿಂದ ಶುರುವಾಯಿತು. ಬಾಟಲಿ ಮತ್ತೆ ಬಂತು. ದಸರೆ ಹೋಯಿತು. ಇವರು ನನ್ನನ್ನು ಬೈದರು, ಬೇಡಿಕೊಂಡರು, ಒಮ್ಮೆ ಔಷಧದ ಲೋಟ ಗೋಡೆಗೆ ಎಸೆದರು. ಡಾಕ್ಟರು ಕರೆದಾಗಲೂ ಬಂದರು, ಕರೆಯದಿದ್ದಾಗಲೂ ಬಂದು ಸುಮ್ಮನೆ ತೂಗುಮಂಚದ ಮೇಲೆ ಕೂತು ಹತ್ತಿಯ ಧಾರಣೆ ಮಾತಾಡಿ ಹೋದರು. ದೀಪಾವಳಿಯ ಹೊತ್ತಿಗೆ ಬಾಟಲಿಯಲ್ಲಿ ಬರಿ ನೆಲಬೇವು ಇತ್ತು. ಅದನ್ನೂ ನಿಲ್ಲಿಸಿದರು, ಸೂಜಿ ಬೇಕಾಗಲಿಲ್ಲ. ಒಂದು ಮಧ್ಯಾಹ್ನ ಇವರು ತಾಟಿನ ಮುಂದೆ ಕೂತು, "ಇನ್ನೊಂದು ಭಕ್ಕರಿ ಅದ ಏನ?" ಎಂದು ಕೇಳಿದರು. ಅತ್ತೆಯೂ ನಾನೂ ಒಟ್ಟಿಗೆ ಎದ್ದೆವು.

ಸೂಜಿ ತಂದ ಆ ಮಧ್ಯಾಹ್ನದಿಂದ ಅತ್ತೆ ಎಲೆಯ ತಾಟು ಮುಟ್ಟಲಿಲ್ಲ, ಬಾಳಗೋಳಿ ಮನೆಗೆ ಬರಲಿಲ್ಲ. ಆ ಮಧ್ಯಾಹ್ನದ ಬಗ್ಗೆ ನಾವಿಬ್ಬರೂ ಅವರು ಸಾಯುವವರೆಗೆ ಒಂದು ಮಾತು ಆಡಲಿಲ್ಲ. ಆ ಎಲೆಯ ಕಹಿ ಕಾಚಿನದಲ್ಲ ಎಂದು ನಿಮ್ಮ ಅಜ್ಜನಿಗೆ ಗೊತ್ತಿತ್ತೋ ಏನೋ, ಅದನ್ನೂ ನಾನು ಕೇಳಲಿಲ್ಲ. ಗೊತ್ತಿತ್ತು ಎಂದೇ ನನ್ನ ಸಂಶಯ. ಬಿಟ್ಟ ಮೇಲೂ ನಾನು ನಂಬಿದವಳಲ್ಲ. ಊಟದ ನಂತರ ಅವರು ಸ್ವಲ್ಪ ತೂಕಡಿಸಿದರೆ ಸಾಕು, ಏನಾದರೊಂದು ನೆವ ಮಾಡಿ ಹತ್ತಿರ ಹೋಗಿ ಕಣ್ಣು ನೋಡುತ್ತಿದ್ದೆ. ಅವರಿಗೆ ಅದು ಗೊತ್ತಿತ್ತು. ಕನ್ನಡಕ ತೆಗೆದು, "ನೋಡಿಕೋ" ಎಂದು ಮುಖ ಮುಂದೆ ಮಾಡುತ್ತಿದ್ದರು.

ನಿಮ್ಮ ಅಜ್ಜ ತೀರಿಕೊಂಡ ವರ್ಷ ನೀವಿನ್ನೂ ಸಣ್ಣವರು. ಹೊಟ್ಟೆಯಲ್ಲಿ ಗಡ್ಡೆ, ನೋವು ತಡೆಯಲಾಗುತ್ತಿರಲಿಲ್ಲ. ಹೂಲಿ ಡಾಕ್ಟರು ಆಗ ಇರಲಿಲ್ಲ. ಹೊಸ ಡಾಕ್ಟರು, ಚಿಕ್ಕ ವಯಸ್ಸಿನವರು, ನೋವಿನ ಸೂಜಿ ತೆಗೆದರು. ಇವರು ಅವರ ಕೈ ತಡೆದು ನನ್ನ ಕಡೆ ನೋಡಿದರು. "ಅವರಿಗೆ ಹೇಳು" ಅಂದರು. ನಿಮ್ಮಪ್ಪ ಅಲ್ಲೇ ನಿಂತಿದ್ದ, ಅವನಿಗೆ ಇದೊಂದೂ ಗೊತ್ತಿರಲಿಲ್ಲ. ನಾನು ಸೆರಗು ಎಳೆದುಕೊಳ್ಳದೆ ಹೇಳಿದೆ: "ಇವರು ಹಿಂದ ಅಫೂ ತಿಂತಿದ್ರು, ಡಾಕ್ಟರ. ಬಿಟ್ಟು ಭಾಳ ವರ್ಷ ಆತು. ಅದನ್ನ ತಿಳಕೊಂಡು ಕೊಡ್ರಿ."

ಆ ಹುಡುಗ ಡಾಕ್ಟರು ಸೂಜಿ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕೂತು, ಎಲ್ಲ ಕೇಳಿಕೊಂಡರು. ಆಮೇಲೆ ಅಳತೆ ನೋಡಿ ಕೊಟ್ಟರು. ನೋವು ಇಳಿಯುತ್ತ ಬಂದಾಗ ಇವರು, "ಇವತ್ತು ನೋಡಬ್ಯಾಡ ನನ್ನ ಕಣ್ಣು" ಅಂದರು. ನಾನು ನೋಡಿದೆ. ಕರಿಚುಕ್ಕೆ ಸಣ್ಣದಾಗುತ್ತ ಆಗುತ್ತ ಎಳ್ಳಿನಷ್ಟಾಯಿತು. ನಾನು ಅವರ ಕೈ ಹಿಡಿದು ಕೂತೆ. ಅಂದು ಯಾರ ಮೇಲೂ ನನಗೆ ಸಂಶಯ ಬರಲಿಲ್ಲ.

ಅಂದು ಕೇಳಿದ್ದರ ಬಗ್ಗೆ ನಿಮ್ಮಪ್ಪ ಮುಂದೆ ಎಂದೂ ನನ್ನನ್ನು ವಿಚಾರಿಸಲಿಲ್ಲ. ಅವನೂ ಈ ಮನೆಯವನೇ. ನೀವಾದರೂ ವಿಚಾರಿಸಿ. ಈ ಹಾಳೆಗಳನ್ನು ದೇವರಮನೆಯ ಪುಸ್ತಕಗಳ ಜೊತೆ ಇಡಬೇಡಿ. ಅಲ್ಲಿಟ್ಟದ್ದಕ್ಕೆ ನಮ್ಮವರು ಕೈ ಮುಗಿಯುತ್ತಾರೆ, ಬಿಚ್ಚಿ ಓದುವುದಿಲ್ಲ. ಔಷಧ ಇಡುವ ಕಪಾಟಿನಲ್ಲಿ, ಹುಳ ಹತ್ತದ ಹಾಗೆ ನಡುವೆ ಬೇವಿನ ಎಲೆ ಹಾಕಿ ಇಡಿ. ಮನೆಗೆ ಡಾಕ್ಟರು ಬಂದ ದಿನ ಕೈಗೆ ಸಿಗಬೇಕು.